ಯುದ್ಧಕ್ಕೆ ಹೋದ ನಮ್ಮ ಮನೆಯವರನ್ನ ಹುಡುಕೋದು ಹೇಗೆ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೇಲಿ, ಜಾತ್ರೇಲಿ, ಫೋನಲ್ಲಿ, ಪತ್ರದಲ್ಲಿ ನಮ್ಮ ಕಡೆ ಜನ ಕೇಳೋ ಪ್ರಶ್ನೆಗಳನ್ನ ಅವರ ಮಾತಲ್ಲೇ ಇಲ್ಲಿ ಹಾಕಿದೀನಿ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿದ್ರೂ ಅರ್ಥ ಆಗತ್ತೆ.

ಒಂದು ಮಾತು ಮಾತ್ರ ಮೊದಲೇ ಹೇಳ್ತೀನಿ. ಸೈನಿಕನ ನಂಬರು ಮತ್ತೆ ಪಲ್ಟನ್ ಅಂದ್ರೆ ಅವರಿದ್ದ ಸೇನಾ ದಳದ ಹೆಸರು, ಇವೆರಡು ಸಿಕ್ಕಿದ್ರೆ ದೆಹಲಿ, ಲಂಡನ್ ಎಲ್ಲಾ ಕಡೆ ಬಾಗಿಲು ತೆರೆಯತ್ತೆ, ಇವೆರಡು ಇಲ್ದೆ ಎಲ್ಲಿ ಹೋದ್ರೂ ಕೈ ಖಾಲಿ. ಮತ್ತೆ ಇವೆರಡೂ ಹೆಚ್ಚಿನ ಸಲ ಇರೋದು ನಮ್ಮ ಮನೆ ಅಟ್ಟದ ಮೇಲೇನೇ.

## ಶುರು ಮಾಡೋರಿಗೆ

ಅಜ್ಜ ಮಿಲಿಟರಿಲಿ ಇದ್ರು ಅಂತ ಅಷ್ಟೇ ಗೊತ್ತು, ಬೇರೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಮನೆಯಿಂದ. ಇಂಟರ್ನೆಟ್ಟಿಂದ ಬೇಡ, ಅದು ಆಮೇಲೆ. ಹಳೇ ಟ್ರಂಕು, ದೇವರ ಕೋಣೆ ಕಪಾಟು, ಗೋಡೆಗೆ ಹಾಕಿದ ಫೋಟೋದ ಹಿಂದಿನ ರಟ್ಟು, ಜಮೀನಿನ ಕಾಗದ ಕಟ್ಟಿಟ್ಟ ಬಟ್ಟೆ ಗಂಟು, ಇವನ್ನೆಲ್ಲ ಬಿಚ್ಚಿ ನೋಡಿ. ಹುಡುಕೋದು ಏನನ್ನ ಅಂದ್ರೆ, ಡಿಸ್ಚಾರ್ಜ್ ಪುಸ್ತಕ ಅಥವಾ ಸರ್ಟಿಫಿಕೇಟು, ಪೆನ್ಶನ್ ಆರ್ಡರ್ ಅಂದ್ರೆ ಪಿಪಿಓ, ಮನಿ ಆರ್ಡರ್ ರಸೀದಿ, ಮಿಲಿಟರಿ ಅಂಚೆ ಠಸ್ಸೆ ಇರೋ ಕವರು, ಪದಕ. ಅಜ್ಜ ತೀರ್ಕೊಂಡ ಮೇಲೆ ಅಜ್ಜಿಗೆ ಪೆನ್ಶನ್ ಬರ್ತಿತ್ತು ಅಂದ್ರೆ ಆ ಪಿಪಿಓಲಿ ನಂಬರು, ರ‍್ಯಾಂಕು, ಅವರ ಸೇವಾ ದಾಖಲೆ ಇಡೋ ರೆಕಾರ್ಡ್ ಆಫೀಸು ಯಾವುದು ಎಲ್ಲಾ ಇರತ್ತೆ. ಅಜ್ಜಿ ತೀರ್ಕೊಂಡ ಮೇಲೆ ಆ ಕಾಗದ ಯಾರೂ ಎತ್ತಿಟ್ಟಿರಲ್ಲ, ಬ್ಯಾಂಕ್ ಪಾಸ್‌ಬುಕ್ ಜೊತೆ ಎಲ್ಲೋ ಸೇರ್ಕೊಂಡಿರತ್ತೆ, ಹಾಗಾಗಿ ಪಾಸ್‌ಬುಕ್ಕುಗಳನ್ನೂ ಬಿಡಬೇಡಿ.

ಇನ್ನೊಂದು, ಅಜ್ಜನ ಕಾಗದ ದೊಡ್ಡ ಮಗನ ಮನೇಲೇ ಇರ್ಬೇಕು ಅಂತೇನಿಲ್ಲ. ಮದುವೆ ಆಗಿ ಹೊನ್ನಾವರಕ್ಕೋ ಸಿದ್ದಾಪುರಕ್ಕೋ ಹೋದ ಅತ್ತೆಯಂದಿರ ಹತ್ರ ಫೋಟೋ ಇರತ್ತೆ. ಅಪ್ಪನ ನೆನಪಿಗೆ ಅಂತ ಒಂದು ಫೋಟೋ ತಗೊಂಡು ಹೋಗಿರೋದು ಹೆಣ್ಣುಮಕ್ಕಳೇ ಜಾಸ್ತಿ.

ಪದಕ ಇದೆ, ಅದ್ರಲ್ಲಿ ರಾಜನ ಮುಖ ಬಿಟ್ರೆ ಏನೂ ಕಾಣಲ್ಲ. ಅದ್ರಿಂದ ಏನಾದ್ರೂ ಗೊತ್ತಾಗತ್ತಾ?

ಮುಖ ನೋಡ್ಬೇಡಿ, ಅಂಚು ನೋಡಿ. ರೂಪಾಯಿ ನಾಣ್ಯದ ಅಂಚಲ್ಲಿ ಗೆರೆ ಇರೋ ಜಾಗ ಇದ್ಯಲ್ಲ, ಪದಕದಲ್ಲಿ ಆ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಕೊರೆದಿರ್ತಾರೆ. ಬೆಳಗ್ಗಿನ ಓರೆ ಬಿಸಿಲಲ್ಲಿ ಹಿಡ್ಕೊಂಡು ನಿಧಾನ ತಿರುಗಿಸ್ತಾ ಮೊಬೈಲಲ್ಲಿ ಜೂಮ್ ಮಾಡಿ ಒಂದೊಂದೇ ಫೋಟೋ ತೆಗೀರಿ. ಮೊದಲು ನಂಬರು, ಆಮೇಲೆ ರ‍್ಯಾಂಕು, ಹೆಸರು, ಕೊನೇಲಿ ಪಲ್ಟನ್ ಬರತ್ತೆ. ನಕ್ಷತ್ರದ ಆಕಾರದ ಪದಕ ಆದ್ರೆ ಹಿಂಬದಿ ನೋಡಿ. ಎರಡನೇ ಮಹಾಯುದ್ಧದ ಪದಕಗಳಲ್ಲಿ ಬ್ರಿಟಿಷ್ ಸೈನಿಕರದ್ದಕ್ಕೆ ಹೆಸರು ಹಾಕ್ತಿರಲಿಲ್ಲ, ಭಾರತೀಯ ಸೇನೆಯವರದ್ದಕ್ಕೆ ಹಾಕಿ ಕೊಡ್ತಿದ್ರು, ಇದು ನಮ್ಮ ಪುಣ್ಯ.

ದಯವಿಟ್ಟು ಹುಣಸೆಹಣ್ಣು, ಬೂದಿ, ಬ್ರಾಸೋ ಹಾಕಿ ತಿಕ್ಕಬೇಡಿ. ದೀಪಾವಳಿಗೆ ದೀಪದ ಜೊತೆ ಪದಕಾನೂ ತಿಕ್ಕಿ ತಿಕ್ಕಿ ಅಂಚಿನ ಅಕ್ಷರವೇ ಸವೆದು ಹೋದದ್ದು ಎಷ್ಟೋ ಮನೇಲಿ ಇದೆ. ಕಪ್ಪಾಗಿದ್ರೆ ಕಪ್ಪಾಗೇ ಇರ್ಲಿ.

ಪದಕದ ಹೆಸರೂ ಕಥೆ ಹೇಳತ್ತೆ. ಬರ್ಮಾ ಸ್ಟಾರ್ ಇದ್ರೆ ಆ ಕಡೆ ಹೋಗಿದ್ರು, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಇದ್ರೆ ಈ ಕಡೆ. ಸ್ವಾತಂತ್ರ್ಯ ಬಂದ ಮೇಲಿನದ್ದಾದ್ರೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರದ್ದು, ಸಮರ ಸೇವಾ ಸ್ಟಾರ್ 1965ರದ್ದು.

ಊಟದ ತಟ್ಟೆಗಿಂತ ಸಣ್ಣದು, ಕಂಚಿಂದು, ಸಿಂಹ ಮತ್ತೆ ಒಬ್ಬ ಹೆಂಗಸಿನ ಚಿತ್ರ ಇದೆ, ಅಜ್ಜಿ ಅದನ್ನ ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದ್ರು. ಅದೇನು?

ಅದು ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮಾರಕ ಫಲಕ. ಸುಮಾರು 12 ಸೆಂಟಿಮೀಟರ್ ಅಗಲ. ಚಿತ್ರದ ಪಕ್ಕ ಒಂದು ಸಣ್ಣ ಚೌಕದಲ್ಲಿ ಉಬ್ಬು ಅಕ್ಷರದಲ್ಲಿ ಹೆಸರು ಇರತ್ತೆ, ರ‍್ಯಾಂಕ್ ಇರಲ್ಲ, ಸತ್ತ ಮೇಲೆ ಎಲ್ಲಾ ಸಮಾನ ಅಂತ ಬೇಕಂತಲೇ ಬಿಟ್ಟಿದ್ದು. ಅದು ನಿಮ್ಮನೇಲಿ ಇದೆ ಅಂದ್ರೆ ನಿಮ್ಮ ಮನೆಯವರೊಬ್ಬರು ಆ ಯುದ್ಧದಲ್ಲಿ ವಾಪಸ್ ಬರ್ಲಿಲ್ಲ ಅಂತ. ಅಜ್ಜಿ ಮುಚ್ಚಳ ಮಾಡಿದ್ದು ತಪ್ಪೇನಲ್ಲ, ಅದಕ್ಕೇ ಅದು ಗುಜರಿಗೆ ಹೋಗದೆ ಉಳೀತು. ಈಗ ಹೆಸರು ಓದಿ ಬರ್ಕೊಳ್ಳಿ.

ನಮ್ಮಜ್ಜಿಗೆ 90 ದಾಟಿದೆ, ನೆನಪು ಬಂದು ಹೋಗಿ ಮಾಡತ್ತೆ. ಅವ್ರ ಹತ್ರ ಏನ್ ಕೇಳ್ಬೇಕು?

ಇದನ್ನ ಈ ವಾರನೇ ಮಾಡಿ. ರೆಕಾರ್ಡ್ ಆಫೀಸು ಮುಂದಿನ ವರ್ಷನೂ ಇರತ್ತೆ.

"ಯಾವ ರೆಜಿಮೆಂಟು" ಅಂತ ಕೇಳಿದ್ರೆ ಅಜ್ಜಿಗೆ ಗೊತ್ತಿರಲ್ಲ. "ಮನಿ ಆರ್ಡರ್ ಯಾವ ಪೋಸ್ಟಾಫೀಸಿಗೆ ಬರ್ತಿತ್ತು, ಯಾರು ಓದಿ ಹೇಳ್ತಿದ್ರು, ರಜೆಗೆ ಬರುವಾಗ ಏನು ತರ್ತಿದ್ರು, ಯಾವ ಊರಿಗೆ ರೈಲು ಹತ್ತೋಕೆ ಹೋಗ್ತಿದ್ರು, ಜೊತೆಗೆ ನಮ್ಮೂರಿಂದ ಇನ್ಯಾರು ಹೋಗಿದ್ರು" ಅಂತ ಕೇಳಿ. ಬೆಳಗಾವಿಗೆ ಹೋಗ್ತಿದ್ರು ಅಂದ್ರೆ ಮರಾಠಾ ಪಲ್ಟನ್ ಇರ್ಬಹುದು, ಪುಣೆ ಖಡ್ಕಿ ಅಂದ್ರೆ ಸೇತುವೆ, ರಸ್ತೆ ಕೆಲಸದ ಬಾಂಬೆ ಸ್ಯಾಪರ್ಸ್ ಇರ್ಬಹುದು. ಜೊತೆಗೆ ಹೋದವರ ಹೆಸರು ತುಂಬ ಮುಖ್ಯ. ಒಂದೇ ಊರಿಂದ ಗುಂಪಾಗಿ ಭರ್ತಿ ಆಗೋದು ಸಾಮಾನ್ಯ ಇತ್ತು, ಪಕ್ಕದ ಮನೆಯವರ ಕಾಗದದಲ್ಲಿ ನಿಮ್ಮಜ್ಜನ ಪಲ್ಟನ್ ಸಿಗ್ಬಹುದು.

ಅಜ್ಜಿ ಕೊಂಕಣಿಲೋ ಮರಾಠಿಲೋ ಹವ್ಯಕ ಮಾತಲ್ಲೋ ಹೇಗೆ ಮಾತಾಡ್ತಾರೋ ಹಾಗೇ ರೆಕಾರ್ಡ್ ಮಾಡಿ, ನೀವು ಕನ್ನಡಕ್ಕೆ ತಿರುಗಿಸಿ ಬರ್ಕೋಬೇಡಿ. ಊರಿನ ಹೆಸರು ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಇರ್ಬೇಕು. ಅವರು ಸುಮ್ಮನಾದ್ರೆ ಸ್ವಲ್ಪ ಹೊತ್ತು ನೀವೂ ಸುಮ್ಮನಿರಿ.

ನಮ್ಮ ಮುತ್ತಜ್ಜ ಬಂದೂಕು ಹಿಡಿದವರಲ್ಲ, ಅಡುಗೆ ಮಾಡ್ತಿದ್ರಂತೆ. ಅದು ಲೆಕ್ಕಕ್ಕೆ ಬರತ್ತಾ?

ಬರತ್ತೆ, ಪೂರ್ತಿ ಬರತ್ತೆ. ಅಡುಗೆಯವರು, ನೀರು ಹೊರೋರು, ಹೇಸರಗತ್ತೆ ನೋಡಿಕೊಳ್ಳೋರು, ಗಾಯಾಳುಗಳನ್ನ ಡೋಲಿಲಿ ಹೊತ್ತು ತರೋರು, ಕ್ಷೌರಿಕರು, ಇವರನ್ನೆಲ್ಲ ಸೇನೆ ದಾಖಲೇಲಿ ಫಾಲೋವರ್ಸ್ ಅಂತ ಬರೀತಿದ್ರು. ಗುಂಡು ಬೀಳುವಾಗ ಅದು ಸಿಪಾಯಿನೋ ಅಡುಗೆಯವನೋ ಅಂತ ನೋಡಿ ಬೀಳಲ್ಲ. ಸತ್ತ ಫಾಲೋವರ್ಸ್ ಹೆಸರೂ ಯುದ್ಧ ಸ್ಮಾರಕಗಳ ಪಟ್ಟೀಲಿ ಇದೆ. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಸಿಪಾಯಿಗಳಿಗೆ ಬೆಳ್ಳೀದು ಕೊಟ್ರೆ ಲೇಬರ್ ಕೋರ್ ತರದ ದಳದವರಿಗೆ ಕಂಚಿಂದು ಕೊಟ್ರು. ನಿಮ್ಮನೆ ಪದಕ ಕಂಚಿಂದು ಅಂದ್ರೆ ಅದೇ ಒಂದು ಸುಳಿವು. ಮನೇಲಿ ಕೆಲವರು ಇದನ್ನ ಹೇಳೋಕೆ ಸಂಕೋಚ ಪಡ್ತಾರೆ, ಪಡಬೇಕಾದ್ದೇ ಇಲ್ಲ.

ಕಾಗದ, ಫೋಟೋ ನಮ್ಮ ಮಳೇಲಿ ಉಳಿಯೋದು ಹೇಗೆ?

ನಮ್ಮ ಕರಾವಳಿ ಮಳೆಗಾಲಕ್ಕೆ ಕಾಗದದ ಮೇಲೆ ಕರುಣೆ ಇಲ್ಲ. ಲ್ಯಾಮಿನೇಶನ್ ಮಾಡಿಸ್ಬೇಡಿ, ಒಳಗೆ ಸಿಕ್ಕ ತೇವ ಹೊರಗೆ ಬರಲ್ಲ, ಆಮೇಲೆ ತೆಗೆಯೋಕೂ ಆಗಲ್ಲ. ಹರಿದ ಕಡೆ ಸೆಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿ ಆಗಿ ಅಕ್ಷರ ತಿನ್ನತ್ತೆ. ಮಳೆ ಶುರು ಆಗೋಕೆ ಮೊದಲು ಒಣ ದಿನ ನೋಡಿ ನೆರಳಲ್ಲಿ ಗಾಳಿಗೆ ಹರವಿ, ಬಿಸಿಲಿಗೆ ಬೇಡ, ಸ್ಕ್ಯಾನ್ ಮಾಡಿಸಿ, ಫೋಟೋ ಆದ್ರೆ 600 ಡಿಪಿಐಗೆ, ಹಿಂಬದಿನೂ ಸೇರಿಸಿ, ಯಾಕಂದ್ರೆ ಸ್ಟುಡಿಯೋ ಹೆಸರು, ಊರು ಹಿಂದೇನೇ ಇರತ್ತೆ. ಆಮೇಲೆ ಬಿಗಿ ಮುಚ್ಚಳದ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ನೆಲದಿಂದ ಮೇಲೆ ಇಡಿ, ನೆಲದಲ್ಲಿ ಒರಲೆ ಬರತ್ತೆ.

ಸ್ಕ್ಯಾನ್ ಮಾಡಿದ್ದನ್ನ ವಾಟ್ಸಾಪಲ್ಲಿ ಕಳಿಸಿದ್ರೆ ಕ್ವಾಲಿಟಿ ಹೋಗತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಪೆನ್ಶನ್ ನಂಬರು, ಬ್ಯಾಂಕ್ ಖಾತೆ ಕಾಣೋ ಕಾಗದ ಫೇಸ್‌ಬುಕ್ಕಿಗೆ ಹಾಕ್ಬೇಡಿ.

## ನಮ್ಮ ಜಿಲ್ಲೆಯವರಿಗೇ ಬರೋ ತೊಡಕು

ಮೈಸೂರು ಅಂತ ಹುಡುಕಿದೆ, ಮದ್ರಾಸ್ ಅಂತ ಹುಡುಕಿದೆ, ಕರ್ನಾಟಕ ಅಂತ ಹುಡುಕಿದೆ. ನಮ್ಮ ಜಿಲ್ಲೆಯ ಒಬ್ಬರ ಹೆಸರೂ ಬರಲ್ಲ, ಯಾಕೆ?

ನಾವು ಆಗ ಅಲ್ಲಿ ಇರ್ಲೇ ಇಲ್ಲ ಅದಕ್ಕೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರ್ತು, 1956ರ ನವೆಂಬರ್ 1ರ ತನಕ ಬಾಂಬೆಯಲ್ಲೇ ಇತ್ತು. ಎರಡೂ ಮಹಾಯುದ್ಧ ಆಗಿದ್ದು ಈ ಮಧ್ಯೆ. ಹಾಗಾಗಿ ದಾಖಲೇಲಿ ನಿಮ್ಮ ಮುತ್ತಜ್ಜ "ಕಾರವಾರ, ನಾರ್ತ್ ಕೆನರಾ, ಬಾಂಬೆ" ಅಂತ ಇರ್ತಾರೆ. ಮಂಗಳೂರಿನವರು ಸೌತ್ ಕೆನರಾ, ಮದ್ರಾಸ್. ಎಷ್ಟೋ ಜನ ಈ ಒಂದು ವಿಷಯ ಗೊತ್ತಿಲ್ದೆ ಹುಡುಕೋದನ್ನೇ ಬಿಟ್ಟಿದಾರೆ.

ಇದ್ರಿಂದ ಎರಡು ಪರಿಣಾಮ. ಒಂದು, ನಮ್ಮ ಕಡೆಯವರು ಭರ್ತಿ ಆದದ್ದು ಹೆಚ್ಚಾಗಿ ಬಾಂಬೆ ಕಡೆಯ ಪಲ್ಟನ್‌ಗಳಿಗೆ: ಮರಾಠಾ ಲೈಟ್ ಇನ್‌ಫೆಂಟ್ರಿ, ಬಾಂಬೆ ಸ್ಯಾಪರ್ಸ್, ಆಮೇಲೆ ನೌಕಾಪಡೆ. ಎರಡು, ಜಿಲ್ಲೆಯ ಹಳೇ ಆಡಳಿತದ ಕಡತ ಬೆಂಗಳೂರಿಗಿಂತ ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಸಿಗೋ ಸಾಧ್ಯತೆ ಜಾಸ್ತಿ. ಹುಡುಕುವಾಗ ಇಂಗ್ಲಿಷಲ್ಲಿ ಕೆನರಾ ಅನ್ನೋದನ್ನ ಕೆ ಇಂದಲೂ ಸಿ ಇಂದಲೂ ಟೈಪ್ ಮಾಡಿ ನೋಡಿ.

ದಾಖಲೇಲಿ ಊರಿನ ಹೆಸರು ಸಿಕ್ತು, ಆದ್ರೆ ಗೂಗಲ್ ಮ್ಯಾಪಲ್ಲಿ ಆ ಊರೇ ಇಲ್ಲ

ಸೂಪಾ ಅಂತ ಬರೆದಿದ್ರೆ ಅದು ಈಗಿನ ಜೋಯಿಡಾ ತಾಲೂಕು, ಹಳೇ ಸೂಪಾ ಊರು ಕಾಳಿ ನದಿ ಅಣೆಕಟ್ಟಿನ ನೀರಲ್ಲಿದೆ. ಕದ್ರಾ, ಕೊಡಸಳ್ಳಿ ಕಡೆಯ ಊರುಗಳದ್ದೂ ಇದೇ ಕಥೆ. ಕಾರವಾರ, ಅಂಕೋಲಾ ನಡುವಿನ ಕರಾವಳೀಲಿ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರಿನವರು ಬೇರೆ ಬೇರೆ ಕಡೆ ಹಂಚಿ ಹೋಗಿದಾರೆ. ಇಂಥ ಊರಾದ್ರೆ ನಿರಾಶ್ರಿತರ ಕಾಲೊನೀಲಿ ಹಿರಿಯರನ್ನ ಕೇಳಿ, ಊರು ಹೋದ್ರೂ ಗ್ರಾಮದೇವರ ಜಾತ್ರೆಗೆ ಸೇರೋ ಕುಳಾವಿಗಳು ಅವರೇ ಇರ್ತಾರೆ, ಯಾರ ಮನೆಯವರು ಮಿಲಿಟರಿಗೆ ಹೋಗಿದ್ರು ಅಂತ ಅಲ್ಲಿ ಗೊತ್ತಿರತ್ತೆ. ಉಳಿದ ಊರಿಗೆ ಹಳೇ ಪಹಣಿ, ಮ್ಯುಟೇಶನ್ ನೋಡಿ, ಮಜರೆ ಹೆಸರು ಅದ್ರಲ್ಲಿ ಬಂದಿರತ್ತೆ.

ಹೆಸರು ಹೇಗೆ ಹುಡುಕೋದು, ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ತರ

ಭರ್ತಿ ಮಾಡುವಾಗ ಕ್ಲಾರ್ಕಿಗೆ ಕಿವಿಗೆ ಹೇಗೆ ಕೇಳಿಸ್ತೋ ಹಾಗೆ ಬರ್ಕೊಂಡಿದ್ದು ಅದು. ಆಗ ನಮ್ಮಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರಿನ ಅಭ್ಯಾಸನೇ ಇರ್ಲಿಲ್ಲ, ಅಪ್ಪನ ಹೆಸರು ಸೇರಿಸಿ ಮುಗಿಸಿರ್ತಾರೆ, ಆಮೇಲೆ ಮಕ್ಕಳು ಶಾಲೆಗೆ ಸೇರುವಾಗ ಗಾಂವಕರ, ಸೈಲ್, ಹರಿಕಂತ್ರ ಅಂತ ಬಂತು. ಅದಕ್ಕೆ ಈಗಿನ ಅಡ್ಡಹೆಸರು ಬಿಟ್ಟು ಬರೀ ಮೊದಲ ಹೆಸರು ಮತ್ತೆ ಅಪ್ಪನ ಹೆಸರು ಹಾಕಿ ಹುಡುಕಿ. ನಾಯ್ಕ ಅಂತ ಇರೋ ಮನೆಯವರು ಇನ್ನೂ ಹುಷಾರಾಗಿರ್ಬೇಕು, ಸೇನೇಲಿ ನಾಯ್ಕ್ ಅನ್ನೋದು ಒಂದು ರ‍್ಯಾಂಕು, ಎಷ್ಟೋ ಕಡೆ ಹೆಸರನ್ನ ರ‍್ಯಾಂಕ್ ಅಂತಲೂ ರ‍್ಯಾಂಕನ್ನ ಹೆಸರು ಅಂತಲೂ ಅದಲುಬದಲು ಮಾಡಿದಾರೆ. ಮತ್ತೆ ಬರೀ ಹೆಸರು ಸಿಕ್ಕಿದ ಕೂಡಲೇ ನಮ್ಮವರೇ ಅಂದ್ಕೋಬೇಡಿ. ಅಪ್ಪನ ಹೆಸರು, ಊರು, ಪಲ್ಟನ್ ಇವುಗಳಲ್ಲಿ ಎರಡಾದ್ರೂ ಹೊಂದ್ಬೇಕು.

ಕಾರವಾರ ಬೀಚಲ್ಲಿ ರಾಣೆಯವರ ಪ್ರತಿಮೆ ಇದ್ಯಲ್ಲ, ನಮ್ಮ ದೊಡ್ಡಪ್ಪನೂ ಅದೇ ಪಲ್ಟನ್ ಅಂತಾರೆ. ಅದು ಯಾವುದು?

ಬಾಂಬೆ ಸ್ಯಾಪರ್ಸ್, ಈಗಿನ ಬಾಂಬೆ ಎಂಜಿನಿಯರ್ ಗ್ರೂಪ್, ಕೇಂದ್ರ ಪುಣೆಯ ಖಡ್ಕೀಲಿ. ಕಾರವಾರ ತಾಲೂಕು ಚೆಂಡಿಯಾದ ರಾಮ ರಾಘೋಬಾ ರಾಣೆ 1940ರಲ್ಲಿ ಅದಕ್ಕೆ ಸೇರಿ ಬರ್ಮಾ ಯುದ್ಧ ನೋಡಿ ಬಂದವರು. 1948ರ ಏಪ್ರಿಲಲ್ಲಿ ನೌಶೇರಾದಿಂದ ರಾಜೌರಿಗೆ ಹೋಗೋ ದಾರೀಲಿ ಗಾಯ ಆಗಿದ್ರೂ ಬಿಡದೆ ನೆಲಬಾಂಬು ತೆಗೆದು, ರಸ್ತೆಗೆ ಅಡ್ಡ ಹಾಕಿದ್ದನ್ನ ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ರು, ಬದುಕಿರುವಾಗಲೇ ಪರಮವೀರ ಚಕ್ರ ಪಡೆದ್ರು. ಪ್ರತಿಮೆ ಅನಾವರಣ ಆಗಿದ್ದು 2006ರಲ್ಲಿ. ಸ್ಯಾಪರ್ಸ್ ಕೆಲಸ ಸೇತುವೆ, ರಸ್ತೆ, ಮೈನು ಇಂಥದ್ದು. ದೊಡ್ಡಪ್ಪ "ಪೂಲ್ ಕಟ್ತಿದ್ದೆ" ಅಂತ ಏನಾದ್ರೂ ಹೇಳ್ತಿದ್ರೆ ಊಹೆ ಸರಿ ಇರೋ ಸಾಧ್ಯತೆ ಇದೆ, ಖಡ್ಕಿ ರೆಕಾರ್ಡ್ ಆಫೀಸಿಗೆ ಬರೀರಿ.

ನಮ್ಮ ಮುತ್ತಜ್ಜ ಬೊಂಬಾಯಿಗೆ ಹೋಗಿ ಹಡಗು ಹತ್ತಿದವರು ವಾಪಸ್ ಬರ್ಲಿಲ್ಲ. ಅದು ಸಾಮಾನಿನ ಹಡಗು, ಸೈನಿಕ ಅಂತ ಆಗಲ್ವಲ್ಲ?

ನಮ್ಮ ಕರಾವಳೀಲಿ ಈ ಪ್ರಶ್ನೆ ಇರೋಷ್ಟು ಮನೆ ಬೇರೆಲ್ಲೂ ಇರಲಿಕ್ಕಿಲ್ಲ ಅನ್ಸತ್ತೆ, ಮತ್ತೆ ಹೆಚ್ಚು ಮರೆತುಹೋದವರೂ ಇವರೇ. ಸರಕು ಹಡಗಿನ ಎಂಜಿನ್ ಕೋಣೇಲಿ ಕಲ್ಲಿದ್ದಲು ಹಾಕ್ತಿದ್ದ, ಡೆಕ್ ಮೇಲೆ ಹಗ್ಗ ಎಳೀತಿದ್ದ ಭಾರತೀಯ ನಾವಿಕರು ಸಾವಿರಾರು ಜನ ಎರಡೂ ಯುದ್ಧದಲ್ಲಿ ಟಾರ್ಪಿಡೋಗೆ ಸಿಕ್ಕಿ ಸತ್ರು. ಶತ್ರುವಿನ ದಾಳೀಲಿ ಸತ್ತ ಇಂಥ ನಾವಿಕರನ್ನ ಯುದ್ಧದಲ್ಲಿ ಸತ್ತವರು ಅಂತಲೇ ದಾಖಲೆ ಮಾಡಿದಾರೆ. ಮೊದಲ ಯುದ್ಧದವರದ್ದು ಮುಂಬೈನ ಇಂಡಿಯನ್ ಸೇಲರ್ಸ್ ಹೋಮಲ್ಲಿರೋ ಸ್ಮಾರಕದಲ್ಲಿ, 2,000ಕ್ಕೂ ಹೆಚ್ಚು ಜನ. ಎರಡನೇ ಯುದ್ಧದ ಸುಮಾರು 6,500 ನೌಕಾಪಡೆ ಮತ್ತೆ ಸರಕು ಹಡಗಿನವರ ಹೆಸರು ಒಂದು ಗೌರವ ಪುಸ್ತಕದಲ್ಲಿದೆ, ಒಂದು ಪ್ರತಿ ಮುಂಬೈಲಿ, ಇನ್ನೊಂದು ಚಿತ್ತಗಾಂಗಲ್ಲಿ.

ಮನೇಲಿ ಹುಡುಕ್ಬೇಕಾದ್ದು ಸಿಡಿಸಿ ಅನ್ನೋ ನಾವಿಕರ ಪುಸ್ತಕ. ಅದ್ರಲ್ಲಿ ಹಡಗಿನ ಹೆಸರು, ಹತ್ತಿದ ತಾರೀಕು, ಇಳಿದ ತಾರೀಕು ಸಾಲಾಗಿ ಇರತ್ತೆ. ಕೊನೇ ಸಾಲಲ್ಲಿ ಇಳಿದ ತಾರೀಕು ಖಾಲಿ ಇದ್ರೆ ಏನರ್ಥ ಅಂತ ನಾನು ಹೇಳ್ಬೇಕಿಲ್ಲ. ಪುಸ್ತಕ ಅವರ ಜೊತೆಗೇ ಮುಳುಗಿರ್ಬಹುದು, ಆಗ ಹಡಗಿನ ಹೆಸರು ಯಾರಿಗಾದ್ರೂ ನೆನಪಿದ್ಯಾ ಕೇಳಿ. ಹಡಗು ಯಾವಾಗ ಎಲ್ಲಿ ಮುಳುಗ್ತು ಅನ್ನೋದು ಹುಡುಕೋಕೆ ಸುಲಭ, ಅಲ್ಲಿಂದ ಹೆಸರಿಗೆ ಬರ್ಬಹುದು.

1961ರಲ್ಲಿ ಅಂಜುದೀವ್‌ನಲ್ಲಿ ಏನಾಯ್ತು? ಊರಲ್ಲಿ ಎಲ್ಲಾ ಒಂದೊಂದು ಹೇಳ್ತಾರೆ

ಕಾರವಾರದ ಎದುರಿಗೇ ಕಾಣೋ ಆ ದ್ವೀಪ ಆಗ ಪೋರ್ಚುಗೀಸರ ಕೈಲಿತ್ತು. ಗೋವಾ ವಿಮೋಚನೆ ಹೊತ್ತಲ್ಲಿ, 1961ರ ಡಿಸೆಂಬರ್ 18ಕ್ಕೆ ಐಎನ್‌ಎಸ್ ತ್ರಿಶೂಲ್ ಮತ್ತೆ ಮೈಸೂರು ಹಡಗಿನ ನಾವಿಕರು ದ್ವೀಪಕ್ಕೆ ಇಳಿದ್ರು, ಪ್ರತಿರೋಧ ಜೋರಾಗಿತ್ತು, ನಮ್ಮ ಏಳು ನೌಕಾಪಡೆಯವರು ತೀರ್ಕೊಂಡ್ರು. ಆ ದಿನಗಳಲ್ಲಿ ದಡದಲ್ಲಿ ನಿಂತು ನೋಡಿದ, ದೋಣಿ ಕೊಟ್ಟ, ಗಾಯಾಳುಗಳನ್ನ ನೋಡಿದ ಬೈತಖೋಲ, ಬಿಣಗಾ ಕಡೆಯ ಹಿರಿಯರು ಇದ್ರೆ ಅವರ ಮಾತು ರೆಕಾರ್ಡ್ ಮಾಡಿಡಿ.

## ಸತ್ತದ್ದು ಎಲ್ಲಿ, ನೆನೆಯೋದು ಹೇಗೆ

ಬಸ್ರಾದಲ್ಲಿ ತೀರ್ಕೊಂಡ್ರು ಅಂತ ಅಜ್ಜಿ ಹೇಳ್ತಿದ್ರು. ಸಮಾಧಿ ಎಲ್ಲಿದೆ ಅಂತ ಗೊತ್ತಾಗತ್ತಾ?

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರು ಆಗಿದ್ದು. ಎರಡೂ ಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅವರ ಪಟ್ಟೀಲಿದೆ, ಹುಡುಕೋದು ಪುಕ್ಕಟೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31, ಈ ತಾರೀಕುಗಳ ಒಳಗೆ ಸೇವೇಲಿದ್ದಾಗ ಸತ್ತವರು ಇದ್ರಲ್ಲಿ ಬರ್ತಾರೆ, ಗುಂಡಿಗೆ ಸಿಕ್ಕೇ ಸಾಯ್ಬೇಕು ಅಂತಿಲ್ಲ, ಕಾಲರಾ ಮಲೇರಿಯಾ ಆಗಿ ಸತ್ತವರೂ ಬರ್ತಾರೆ. ಹೆಸರು ಹಾಕಿ ಸಿಗದಿದ್ರೆ ಹೆಚ್ಚುವರಿ ಮಾಹಿತಿ ಅನ್ನೋ ಜಾಗದಲ್ಲಿ ಬರೀ "ಕಾರವಾರ" ಅಥವಾ "ನಾರ್ತ್ ಕೆನರಾ" ಅಂತ ಇಂಗ್ಲಿಷಲ್ಲಿ ಹಾಕಿ ಹುಡುಕಿ.

ಬಸ್ರಾ ಅಂದ್ರೆ ಮೊದಲ ಯುದ್ಧದ ಮೆಸಪೊಟೇಮಿಯಾ, ಈಗಿನ ಇರಾಕ್. ನಮ್ಮ ಮನೆಗಳಲ್ಲಿ ಉಳಿದಿರೋ ಬಸ್ರಾ ಅನ್ನೋ ಮಾತು ಸುಮ್ಮನೆ ಬಂದದ್ದಲ್ಲ, 103, 110, 117ನೇ ಮರಾಠಾ ಪಲ್ಟನ್‌ಗಳು ಅಲ್ಲಿದ್ವು, ಕುತ್ ಅನ್ನೋ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ ತಿಂಗಳುಗಟ್ಲೆ ಹಸಿದು, 1916ರ ಏಪ್ರಿಲ್ 29ಕ್ಕೆ ಶರಣಾದವರಲ್ಲಿ ಅವರೂ ಇದ್ರು. ಆಮೇಲೆ ಕೈದಿಗಳಾಗಿ ಮರುಭೂಮೀಲಿ ನಡೆಸ್ಕೊಂಡು ಹೋಗುವಾಗ ತುಂಬ ಜನ ಸತ್ರು. ಬಸ್ರಾ ಸ್ಮಾರಕದಲ್ಲಿ 40,500ಕ್ಕೂ ಹೆಚ್ಚು ಜನರನ್ನ ನೆನೆದಿದಾರೆ, ಆದ್ರೆ ಕಟ್ಟುವಾಗ ಭಾರತೀಯ ಸಿಪಾಯಿಗಳ ಹೆಸರು ಕಲ್ಲಿಗೆ ಹಾಕ್ಲಿಲ್ಲ, ಪಲ್ಟನ್ ಹೆಸರು ಬರೆದು ಇಷ್ಟು ಜನ ಅಂತ ಸಂಖ್ಯೆ ಹಾಕಿದ್ರು. ಇದು ಅನ್ಯಾಯ, ನೂರು ವರ್ಷ ಆದ ಮೇಲೂ ಅನ್ಯಾಯವೇ. ಹೆಸರು ಆನ್‌ಲೈನ್ ಪಟ್ಟೀಲಿ ಸಿಗತ್ತೆ. ಹಿಂದೂ ಸೈನಿಕರಿಗೆ ದಹನ ಆಗಿದ್ರೆ ಸಮಾಧಿ ಇರಲ್ಲ, ಸ್ಮಾರಕದಲ್ಲಿ ಹೆಸರು ಮಾತ್ರ. ಫ್ರಾನ್ಸಿನ ನ್ಯೂವ್ ಶಪೆಲ್, ಸಿಂಗಾಪುರದ ಕ್ರಾಂಜಿ, ಬರ್ಮಾದ ರಂಗೂನ್ ಸ್ಮಾರಕ, ಇಟಲಿಯ ಫೋರ್ಲಿ, ಹೀಗೆ ಎಲ್ಲೆಲ್ಲೋ ಇರ್ತಾರೆ.

ಇಂಡಿಯಾ ಗೇಟ್ ಮೇಲೆ ಎಲ್ಲರ ಹೆಸರೂ ಇದೆ ಅಲ್ವಾ?

ಇಲ್ಲ. ಅದ್ರಲ್ಲಿರೋದು ಸುಮಾರು 13,300 ಹೆಸರು, ಮುಖ್ಯವಾಗಿ ವಾಯವ್ಯ ಗಡಿ ಮತ್ತೆ 1919ರ ಆಫ್ಘನ್ ಯುದ್ಧದಲ್ಲಿ ಸತ್ತವರದ್ದು. ಬಸ್ರಾದವರನ್ನ ಅಲ್ಲಿ ಹುಡುಕಿದ್ರೆ ಸಿಗಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಯುದ್ಧದಲ್ಲಿ ಹೋದವರದ್ದು ಎಲ್ಲಿ ನೋಡೋದು?

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ. 2019ರ ಫೆಬ್ರವರಿ 25ಕ್ಕೆ ಉದ್ಘಾಟನೆ ಆಯ್ತು, ಆಗ 25,942 ಹೆಸರು ಇತ್ತು. ನೌಕಾಪಡೆಯವರಾದ್ರೆ ಇನ್ನೊಂದು ಹೆಸರು ನೆನಪಿಟ್ಕೊಳ್ಳಿ, 1971ರ ಡಿಸೆಂಬರ್ 9ರ ರಾತ್ರಿ ಮುಳುಗಿದ ಐಎನ್‌ಎಸ್ ಖುಕ್ರಿ. 18 ಅಧಿಕಾರಿಗಳು, 176 ನಾವಿಕರು ಹೋದ್ರು, ಸ್ಮಾರಕ ದಿಯುವಿನಲ್ಲಿದೆ.

ಸತ್ತ ದಿನ ಗೊತ್ತಿಲ್ಲ, ಶ್ರಾದ್ಧ ಯಾವತ್ತು ಮಾಡೋದು? ತಲೆಮಾರಿಂದ ಮಾಡ್ತಾನೇ ಇಲ್ಲ

ಇದನ್ನ ಕೇಳುವಾಗ ಜನರ ಧ್ವನಿ ಸಣ್ಣ ಆಗತ್ತೆ. ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ, ಆಯುಧದಿಂದ ಸತ್ತವರಿಗೆ ಅದ್ರ ಹಿಂದಿನ ದಿನ ಪಿತೃಪಕ್ಷದ ಚತುರ್ದಶಿ, ಘಾತ ಚತುರ್ದಶಿ ಅಂತಾರೆ. ನಿಮ್ಮ ಮನೆ ಪುರೋಹಿತರನ್ನ ಕೇಳಿ ಮಾಡಿ. ಆದ್ರೆ ಒಂದು ವಿಷಯ ಜನಕ್ಕೆ ಹೊಳೆಯಲ್ಲ, ವಾರ್ ಗ್ರೇವ್ಸ್ ಪಟ್ಟೀಲಿ ಸತ್ತ ತಾರೀಕು ಇರತ್ತೆ. ಆ ಇಂಗ್ಲಿಷ್ ತಾರೀಕನ್ನ ಪಂಚಾಂಗದ ಆಪಲ್ಲಿ ಹಾಕಿದ್ರೆ ಮಾಸ, ಪಕ್ಷ, ತಿಥಿ ಬಂದ್ಬಿಡತ್ತೆ. ನೂರು ವರ್ಷದ ಮೇಲೆ ಒಂದು ಮನೇಲಿ ಸರಿಯಾದ ತಿಥೀಲಿ ಎಡೆ ಇಡೋದು ಸಾಧ್ಯ ಆಗತ್ತೆ ಅಂದ್ರೆ ಇಷ್ಟೆಲ್ಲ ಹುಡುಕಿದ್ದಕ್ಕೆ ಅದಕ್ಕಿಂತ ಏನು ಬೇಕು. ಕ್ರಿಶ್ಚಿಯನ್ ಮನೆಯವರು ನವೆಂಬರ್ 2ರ ಪ್ರಾರ್ಥನೇಲಿ ಹೆಸರು ಸೇರಿಸ್ಬಹುದು.

## ಕಚೇರಿ ಕೆಲಸ

ರೆಕಾರ್ಡ್ ಆಫೀಸಿಗೆ ಏನಂತ ಬರೀಬೇಕು, ಯಾವ ಆಫೀಸು?

ಪಲ್ಟನ್ ಮೇಲೆ ಹೋಗತ್ತೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಬಾಂಬೆ ಸ್ಯಾಪರ್ಸಿಗೆ ಖಡ್ಕಿ, ಮದ್ರಾಸ್ ಸ್ಯಾಪರ್ಸಿಗೆ ಬೆಂಗಳೂರು, ತೋಪಖಾನೆಗೆ ನಾಸಿಕ್ ರೋಡ್, ಸಿಗ್ನಲ್ಸಿಗೆ ಜಬಲ್‌ಪುರ, ಮೆಡಿಕಲ್ ಕೋರಿಗೆ ಲಖನೌ. ನೌಕಾಪಡೆ ನಾವಿಕರದ್ದು ಮುಂಬೈ, ವಾಯುಪಡೆಯದ್ದು ದೆಹಲಿ.

ಪತ್ರ ಒಂದೇ ಪುಟ ಇರ್ಲಿ. ನಂಬರು, ರ‍್ಯಾಂಕು, ಹೆಸರು, ಅಪ್ಪನ ಹೆಸರು, ಊರು, ತಾಲೂಕು, ಹಳೇ ಜಿಲ್ಲೆ ಹೆಸರು, ಸುಮಾರು ಯಾವ ವರ್ಷ ಭರ್ತಿ, ಯಾವ ವರ್ಷ ಬಿಡುಗಡೆ. ನೀವು ಯಾರು ಅನ್ನೋದಕ್ಕೆ ನಾಡಕಚೇರೀಲಿ ಸಿಗೋ ವಂಶವೃಕ್ಷ ಪ್ರಮಾಣಪತ್ರ, ಅವರ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಪ್ರತಿ ಹಾಕಿ. ನಮ್ಮವರ ಶೌರ್ಯ, ತ್ಯಾಗ ಅಂತ ಅರ್ಧ ಪುಟ ಬರೆದ್ರೆ ನಂಬರು ಹುಡುಕೋರಿಗೆ ಕಷ್ಟ, ಅದು ಬೇಡ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಯಾವ ರೆಕಾರ್ಡ್ ಆಫೀಸು, ಯಾವ ವಿಳಾಸ ಅಂತ ಹೇಳ್ತಾರೆ, ಪೆನ್ಶನ್ ಬಾಕಿ ವಿಷಯ ಇದ್ರಂತೂ ಮೊದಲು ಅಲ್ಲಿಗೇ ಹೋಗಿ. ಉತ್ತರ ಬರ್ದಿದ್ರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕ್ಬಹುದು, 30 ದಿನದಲ್ಲಿ ಉತ್ತರ ಕೊಡ್ಬೇಕು.

"ದಾಖಲೆ ನಾಶ ಮಾಡಲಾಗಿದೆ" ಅಂತ ಉತ್ತರ ಬಂತು. ಮುಗೀತಾ?

ಮುಗಿಯಲ್ಲ. ಪೆನ್ಶನ್ ಇಲ್ದೆ ಬಿಟ್ಟವರ ಸೇವಾ ಕಡತ ನಿಗದಿತ ವರ್ಷ ಆದ ಮೇಲೆ ನಾಶ ಮಾಡೋದು ನಿಯಮದಲ್ಲೇ ಇದೆ, ಎರಡನೇ ಯುದ್ಧ ಮುಗಿದ ಕೂಡಲೇ ಮನೆಗೆ ಕಳಿಸಿದ ಲಕ್ಷಾಂತರ ಜನಕ್ಕೆ ಇದೇ ಆಗಿರೋದು. ಆದ್ರೆ ಲಾಂಗ್ ರೋಲ್ ಅಂತ ಒಂದು ರಿಜಿಸ್ಟರ್ ಬೇರೆ ಇರತ್ತೆ, ಅದ್ರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲಾದ್ರೂ ಇರತ್ತೆ. ಮತ್ತೆ ಬರೆದು "ಲಾಂಗ್ ರೋಲ್ ನಮೂದು ಕೊಡಿ" ಅಂತ ಅದೇ ಪದ ಹಾಕಿ ಕೇಳಿ, ಬರೀ ಸರ್ವಿಸ್ ರೆಕಾರ್ಡ್ ಅಂತ ಕೇಳಿದ್ರೆ ಇಲ್ಲ ಅನ್ನೋ ಉತ್ತರವೇ ಬರತ್ತೆ.

## ಆಳಕ್ಕೆ ಇಳಿಯೋರಿಗೆ

ಪಲ್ಟನ್ ಹೆಸರು ಸಿಕ್ತು, ಅವರು ಅಲ್ಲಿ ದಿನಾ ಏನ್ ಮಾಡ್ತಿದ್ರು ಅಂತ ತಿಳಿಯೋದು ಹೇಗೆ?

ಪ್ರತಿ ಪಲ್ಟನ್ನೂ ಯುದ್ಧದಲ್ಲಿ ವಾರ್ ಡೈರಿ ಬರೀಬೇಕಿತ್ತು. ಇವತ್ತು ಎಲ್ಲಿಂದ ಎಲ್ಲಿಗೆ ನಡೆದ್ವಿ, ಮಳೆ ಬಂತಾ, ಎಷ್ಟು ಜನ ಸತ್ರು, ಎಲ್ಲಾ. ಲಂಡನ್ನಿನ ಕ್ಯೂ ಅಲ್ಲಿರೋ ಬ್ರಿಟನ್ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಯುದ್ಧದ್ದು ಡಬ್ಲ್ಯೂಓ 95 ಅನ್ನೋ ಸರಣೀಲಿ ಇದೆ. ನಮ್ಮ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಪೋರ್ಟಲಲ್ಲೂ ಹುಡುಕಿ, ಅದು ಪುಕ್ಕಟೆ. ಸಿಪಾಯಿ ಹೆಸರು ಡೈರೀಲಿ ಬರೋದು ಅಪರೂಪ, ಅಧಿಕಾರಿಗಳದ್ದೇ ಬರತ್ತೆ, ಆದ್ರೆ ಅಜ್ಜ ಯಾವ ತಾರೀಕಿಗೆ ಯಾವ ಬೆಟ್ಟದ ಮೇಲಿದ್ರು ಅಂತ ಗೊತ್ತಾಗತ್ತೆ.

ಪಲ್ಟನ್ ನಂಬರು ಬದಲಾದದ್ದು ಗೊತ್ತಿರ್ಬೇಕು. 1922ರಲ್ಲಿ 103, 105, 110, 116, 117ನೇ ಪಲ್ಟನ್‌ಗಳು ಕ್ರಮವಾಗಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 1ರಿಂದ 5ನೇ ಬೆಟಾಲಿಯನ್ ಆದ್ವು. ಎರಡನೇ ಯುದ್ಧದಲ್ಲಿ 2ನೇದ್ದು 1942ರ ಜೂನಲ್ಲಿ ತೊಬ್ರುಕ್‌ನಲ್ಲಿ ಸಿಕ್ಕಿಬಿತ್ತು, 3ನೇದ್ದು ಎರಿಟ್ರಿಯಾದ ಕೆರೆನ್ ಯುದ್ಧದಲ್ಲಿತ್ತು, 4ನೇದ್ದು 1944ರ ಮಾರ್ಚಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ. ಆ 3ನೇ ಬೆಟಾಲಿಯನ್ನೇ ಮುಂದೆ ಪ್ಯಾರಾಶೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್, ಅಂದ್ರೆ 2 ಪ್ಯಾರಾ ಆಯ್ತು, ಹಾಗಾಗಿ ಬೆಳಗಾವೀಲಿ ಇಲ್ಲ ಅಂದ್ರೆ ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟಿನ ಕಡೆ ಕೇಳ್ಬೇಕಾಗ್ಬಹುದು. ಇನ್ನೊಂದು ಎಚ್ಚರ, ಮೊದಲ ಯುದ್ಧದಲ್ಲಿ ಒಂದೊಂದು ಪಲ್ಟನ್‌ಗೆ ಒಂದೊಂದು ನಂಬರ್ ಸಾಲು, ಒಂದೇ ನಂಬರು ಹತ್ತಾರು ಜನಕ್ಕೆ ಇರತ್ತೆ, ಪಲ್ಟನ್ ಇಲ್ದೆ ಬರೀ ನಂಬರಿಗೆ ಬೆಲೆ ಇಲ್ಲ.

ಪತ್ರಗಳು ಸಿಕ್ಕಿದಾವೆ, ಆದ್ರೆ ಮನೇಲಿ ಯಾರಿಗೂ ಓದೋಕೆ ಬರಲ್ಲ

ಕಾರವಾರ ಕಡೆ ಮರಾಠಿ ಶಾಲೇಲಿ ಕಲಿತವರು ಬರೆದ ಪತ್ರ ಮರಾಠೀಲಿ ಇರತ್ತೆ, ಇನ್ನೂ ಹಳೇದು ಮೋಡಿ ಲಿಪೀಲಿ ಇರ್ಬಹುದು, ಅಕ್ಷರ ಎಲ್ಲಾ ಒಂದಕ್ಕೊಂದು ಸರಪಳಿ ತರ ಅಂಟ್ಕೊಂಡಿರತ್ತೆ. ಮೋಡಿ ಓದೋರು ಪುಣೆ, ಕೊಲ್ಹಾಪುರ, ಬೆಳಗಾವಿ ಕಡೆ ಇನ್ನೂ ಇದಾರೆ. ಪತ್ರದಲ್ಲಿ ಊರಿನ ಹೆಸರು ಇರದಿದ್ರೆ ಬೇಜಾರಾಗ್ಬೇಡಿ, ಯುದ್ಧದಲ್ಲಿ ಎಲ್ಲಿದೀವಿ ಅಂತ ಬರೆಯೋ ಹಾಗಿರ್ಲಿಲ್ಲ, ಸೆನ್ಸಾರ್ ಇತ್ತು. ಬದಲಿಗೆ ಕವರಿನ ಮೇಲಿನ ಫೀಲ್ಡ್ ಪೋಸ್ಟ್ ಆಫೀಸ್ ನಂಬರು ನೋಡಿ, ಅದು ಯಾವ ತಾರೀಕಿಗೆ ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಹ ಮಾಡೋರಿಗೆ ಗೊತ್ತಿರತ್ತೆ.

ಸಿಂಗಾಪುರದಲ್ಲಿ ಕೈದಿ ಆಗಿ ಆಮೇಲೆ ಸುಭಾಷ್‌ಚಂದ್ರ ಬೋಸರ ಸೈನ್ಯಕ್ಕೆ ಸೇರಿದ್ರು ಅಂತಾರೆ. ನಿಜಾನಾ ಅಂತ ನೋಡೋದು ಹೇಗೆ?

ಸಿಂಗಾಪುರ 1942ರ ಫೆಬ್ರವರಿ 15ಕ್ಕೆ ಬಿತ್ತು, ಕೈದಿಗಳಲ್ಲಿ ಹಲವರು ಆಜಾದ್ ಹಿಂದ್ ಫೌಜ್ ಸೇರಿದ್ರು, ಹಲವರು ಸೇರದೆ ಕ್ಯಾಂಪಲ್ಲೇ ಉಳಿದು ಹಸಿವಿಂದ, ಕಾಯಿಲೆಯಿಂದ ಸತ್ರು. ಎರಡೂ ಕಡೆಯವರನ್ನೂ ಒಂದೇ ಗೌರವದಿಂದ ನೋಡ್ಬೇಕು ಅನ್ನೋದು ನನ್ನ ಅಭಿಪ್ರಾಯ. ಆಜಾದ್ ಹಿಂದ್ ಫೌಜಿನ 990 ಕಡತ ರಕ್ಷಣಾ ಇಲಾಖೆ 1997ರಲ್ಲಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟಿದೆ. ಅವರು ಬದುಕಿ ಬಂದು ಸ್ವಾತಂತ್ರ್ಯ ಹೋರಾಟಗಾರರ ಪೆನ್ಶನ್ ತಗೊಂಡಿದ್ರೆ ಆ ಅರ್ಜಿ ಜೊತೆ ಕೊಟ್ಟ ಪುರಾವೆಗಳೇ ನಿಮಗೂ ಪುರಾವೆ.

ಅಜ್ಜ ರಜೆಗೆ ಬಂದವರು ವಾಪಸ್ ಹೋಗ್ಲೇ ಇಲ್ಲ ಅಂತ ಈಗ ಗೊತ್ತಾಯ್ತು. ಮನೆಯವರಿಗೆ ಹೇಳ್ಲಾ ಬೇಡ್ವಾ?

ಹೇಳಿ, ಆದ್ರೆ ದಾಖಲೆಯ ಒಂದು ಸಾಲು ಹಿಡ್ಕೊಂಡು ತೀರ್ಪು ಕೊಡೋ ತರ ಹೇಳ್ಬೇಡಿ. ಮನೇಲಿ ಆ ವರ್ಷ ಏನಾಗಿತ್ತು ನೋಡಿ. ಅಪ್ಪ ತೀರ್ಕೊಂಡಿದ್ರಾ, ಪ್ಲೇಗು ಬಂದಿತ್ತಾ, ಗೇಣಿ ಬಾಕಿ ಇತ್ತಾ. ಯುದ್ಧದಿಂದ ಬಂದು ಯಾರ ಹತ್ರನೂ ಮಾತಾಡದೆ ಇದ್ದ ಅಜ್ಜಂದಿರು, ರಾತ್ರಿ ಕೂಗಿ ಏಳ್ತಿದ್ದ ಅಜ್ಜಂದಿರು ನಮ್ಮ ಊರಲ್ಲೆಲ್ಲ ಇದ್ರು. ಬದುಕಿರೋ ಹಿರಿಯರು ಬೇಡ ಅಂದ್ರೆ ಊರಿಗೆ ಹೇಳ್ಬೇಡಿ, ಬರೆದಿಡೋದು ಮಾತ್ರ ಬಿಡ್ಬೇಡಿ.

ಖಂಡಿತ ಯುದ್ಧದಲ್ಲೇ ಸತ್ತಿದಾರೆ, ಆದ್ರೆ ವಾರ್ ಗ್ರೇವ್ಸ್ ಪಟ್ಟೀಲಿ ಹೆಸರೇ ಇಲ್ಲ. ಸೇರಿಸೋಕಾಗತ್ತಾ?

ಆಗತ್ತೆ. ಏಷ್ಯಾ, ಆಫ್ರಿಕಾದ ಸೈನಿಕರನ್ನ ಮೊದಲ ಯುದ್ಧದ ನಂತರ ಸಮಾನವಾಗಿ ನೆನೆಯಲಿಲ್ಲ, 45,000ದಿಂದ 54,000 ಜನರನ್ನ ಅಸಮಾನವಾಗಿ ಸ್ಮರಿಸಿದ್ವಿ, ಕನಿಷ್ಠ 1,16,000 ಜನರ ಹೆಸರು ಎಲ್ಲೂ ಹಾಕ್ಲಿಲ್ಲ ಅಥವಾ ಸ್ಮರಣೆಯನ್ನೇ ಮಾಡ್ಲಿಲ್ಲ ಅಂತ ಆ ಕಮಿಷನ್ 2021ರ ವರದೀಲಿ ತಾನೇ ಒಪ್ಕೊಂಡಿದೆ. ಬಿಟ್ಟುಹೋದವರನ್ನ ಸೇರಿಸೋ ಕೆಲಸ ನಡೀತಿದೆ, ಕುಟುಂಬದವರೂ ಕೇಸ್ ಕಳಿಸ್ಬಹುದು. ಅವರು ಕೇಳೋದು ಮೂರು ವಿಷಯಕ್ಕೆ ಪುರಾವೆ: ಸೇವೇಲಿದ್ರು ಅನ್ನೋದು, ಸತ್ರು ಅನ್ನೋದು, ಮೇಲೆ ಹೇಳಿದ ತಾರೀಕುಗಳ ಒಳಗೆ ಸತ್ರು ಅನ್ನೋದು. ಸೇವೆ ಬಿಟ್ಟು ಬಂದ ಮೇಲೆ ಮನೇಲಿ ಸತ್ತಿದ್ರೆ ಆ ಗಾಯ ಅಥವಾ ಕಾಯಿಲೆ ಯುದ್ಧದ್ದೇ ಅಂತಲೂ ತೋರಿಸ್ಬೇಕು. ಲಾಂಗ್ ರೋಲ್ ನಮೂದು, ಕಂಚಿನ ಫಲಕ, ಹಳೇ ಕುಟುಂಬ ಪೆನ್ಶನ್ ಆರ್ಡರು, ಆ ಕಾಲದ ಪತ್ರ ಇವೆಲ್ಲ ನಡೆಯತ್ತೆ. ಬರೀ ಬಾಯಿಮಾತು ಸಾಕಾಗಲ್ಲ, ಆದ್ರೆ ಬಾಯಿಮಾತಲ್ಲಿ ಬಂದ ಊರು, ಹಡಗು, ಜೊತೆಗಾರರ ಹೆಸರು ಇವನ್ನೂ ಅರ್ಜೀಲಿ ಬರೀರಿ, ಹುಡುಕೋರಿಗೆ ದಾರಿ ಸಿಗತ್ತೆ. ಅರ್ಜಿ ಇಂಗ್ಲಿಷಲ್ಲಿರ್ಲಿ, ಮರಾಠಿ ಅಥವಾ ಕನ್ನಡ ಕಾಗದದ ಜೊತೆ ಅನುವಾದ ಲಗತ್ತಿಸಿ, ಮೂಲ ಪ್ರತಿ ಮಾತ್ರ ಯಾರಿಗೂ ಕಳಿಸ್ಬೇಡಿ.